ಅರ್ಧ ಮನೆ

ಜನವರಿ 11

ಪ್ರೀತಿಯ ತಮ್ಮಾ,

ಅಂತೂ ಬಂತು ಕಣೋ. ಹಡಗು ಹತ್ತುವ ಮೊದಲು ನನ್ನ ತಲೆ ತಿಂದು ನೀನು ಒಪ್ಪಿಸಿದ ಹೊಸ ಕೀಬೋರ್ಡ್ ಮೊನ್ನೆ ಮನೆ ಸೇರಿತು. ಅಂಗಡಿಯ ಇಬ್ಬರು ಅದನ್ನು ಹೊತ್ತು ತಂದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊನೆಗೆ ಕೆಳಗಿನ ಅಂಗಡಿಯ ಟೈಲರ್ ಕತ್ತಿಗೆ ನೇತುಹಾಕಿಕೊಂಡ ಟೇಪಿನಿಂದ ಗೋಡೆಯನ್ನೂ ಪೆಟ್ಟಿಗೆಯನ್ನೂ ಅಳೆದು, "ಅಡ್ಡ ಬರಲ್ಲ, ನೆಟ್ಟಗೆ ನಿಲ್ಲಿಸ್ಕೊಂಡು ಹೋಗಿ" ಎಂದ ಬಳಿಕ ಮೇಲೆ ಬಂತು. ಈಗ ಅದು ಕಿಟಕಿಯ ಕೆಳಗೆ, ನಿನ್ನ ಭಾವನ ಮಂಚವಿದ್ದ ಜಾಗದಲ್ಲಿ ಕೂತಿದೆ. ಮಂಚ ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡಿದೆ. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಮಲಗಿದ್ದಲ್ಲೇ ಸೀನುತ್ತಾರೆ.

ಇದನ್ನು ಕೀಬೋರ್ಡ್ ಎಂದರೆ ಅಂಗಡಿಯವರಿಗೆ ಬೇಸರ. ವರ್ಕ್‌ಸ್ಟೇಷನ್ ಅನ್ನಬೇಕಂತೆ. ನಿನ್ನ ಭಾವ ಅದರ ಪರದೆ, ಗುಂಡಿ, ದೀಪಗಳನ್ನೆಲ್ಲ ನೋಡಿ 'ವಿಮಾನ' ಎಂದು ಹೆಸರಿಟ್ಟಿದ್ದಾರೆ. ಸ್ವಿಚ್ ಹಾಕಿದ ಕೂಡಲೇ ಹಳೆಯದರ ಹಾಗೆ ಮಾತಿಗೆ ಸಿಗುವುದಿಲ್ಲ. ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು ಬರುವಷ್ಟು ಹೊತ್ತು ಕಾಯಿಸುತ್ತದೆ. ಒಳಗೆ ಸಾವಿರಾರು ದನಿಗಳಿವೆ. ನಾನು ನುಡಿಸಿದ್ದನ್ನು ತಾನೇ ನೆನಪಿಟ್ಟುಕೊಂಡು ಮತ್ತೆ ನುಡಿಸುತ್ತದೆ. ಹೆಲಿಕಾಪ್ಟರ್ ಇದೆ, ಗಾಜು ಒಡೆಯುವ ಸದ್ದಿದೆ, ಚಪ್ಪಾಳೆ ಇದೆ. ಚಪ್ಪಾಳೆ ಎಲ್ಲಿದೆ ಎಂದು ನಿನ್ನ ಭಾವ ಹುಡುಕಿ ಇಟ್ಟುಕೊಂಡಿದ್ದಾರೆ. ಸ್ನಾನ ಮಾಡಿ ಹೊರಗೆ ಬಂದಾಗಲೆಲ್ಲ ಒಂದು ಸಲ ಒತ್ತುತ್ತಾರೆ.

ಎಲ್ಲ ಸರಿ, ಶ್ರುತಿಯೊಂದು ಬಿಟ್ಟು. ಯಂತ್ರ ಅರ್ಧ ಮನೆ ಮೇಲಿದೆ. ನಿನ್ನ ಕಿವಿ ಇರುವುದು ಕನ್ನಡಕ ಸಿಕ್ಕಿಸಿಕೊಳ್ಳಲು ಮಾತ್ರವಾದ್ದರಿಂದ ಬಿಡಿಸಿ ಹೇಳುತ್ತೇನೆ: ಮನೆ ಎಂದರೆ ಶ್ರುತಿಯ ಮೆಟ್ಟಿಲು, ಬಿಳಿ ಕೀ ಒತ್ತಿದರೆ ಅದರ ಪಕ್ಕದ ಕರಿ ಕೀಯ ಸ್ವರ ಕೇಳುತ್ತಿದೆ. ಹಳೆಯದೂ ವರ್ಷ ವರ್ಷ ಏರುತ್ತಿತ್ತು, ನಿಜ. ನೀನು ರಜೆಗೆ ಬಂದಾಗಲೆಲ್ಲ ಹಿಂಬದಿಯ ತಿರುಪು ತಿರುಗಿಸಿ ಇಳಿಸಿಕೊಡುತ್ತಿದ್ದೆ. ಕಳೆದ ರಜೆಯಲ್ಲಿ ತಿರುಪು ಕೊನೆ ಮುಟ್ಟಿತು, ಇದರ ಆಯಸ್ಸು ಮುಗಿಯಿತು ಎಂದು ನೀನೇ ಹೇಳಿದೆ. ಅದಕ್ಕೇ ತಾನೇ ಹೊಸದು ತಂದದ್ದು? ಹಳೆಯದನ್ನು ಟೈಲರ್‌ಗೆ ಕೊಟ್ಟುಬಿಟ್ಟೆ, ಪಾಪ, ಬಹಳ ದಿನದಿಂದ ಆಸೆಪಟ್ಟಿದ್ದ. ಈಗ ನೋಡಿದರೆ ಹೊಸದು ಹುಟ್ಟುತ್ತಲೇ ಏರಿಕೊಂಡು ಬಂದಿದೆ.

ಮುಂದಿನ ತಿಂಗಳು ನನ್ನ ಬಸ್ ಡಿಪೋದ ಹಾಡಿನ ತಂಡದ ಅಭ್ಯಾಸ ಮತ್ತೆ ಶುರು. ಕೆಟ್ಟು ನಿಂತ ಬಸ್ಸು ಎಳೆಯುವ ಲಾರಿಯನ್ನು ಕಳಿಸುತ್ತಾರಂತೆ, ಯಂತ್ರವನ್ನು ಹೊತ್ತೊಯ್ಯಲು. ಅದಕ್ಕೆ ತಕ್ಕ ವಾಹನವೇ. ಬಂದರಿನ ಫೋನಿನ ಮುಂದೆ ಸಾಲು ನಿಂತವರ ನಡುವೆ ಕೂಗಾಡುವ ಬದಲು ಬರೆದು ತಿಳಿಸು, ಏನು ಮಾಡಲಿ?

ನಿನ್ನ
ಅಕ್ಕ


ಫೆಬ್ರವರಿ 2

ಅಕ್ಕಾ,

ನಿನ್ನ ಪತ್ರವನ್ನು ಇಂಜಿನ್ ಕೋಣೆಯ ಗಲಾಟೆಯಲ್ಲೇ ನಿಂತು ಓದಿದೆ. ಚಪ್ಪಾಳೆಯ ವಿಷಯ ಓದಿ ಜೋರಾಗಿ ನಕ್ಕೆ. ಪಕ್ಕದಲ್ಲಿದ್ದವನು ಏನೋ ಶಾಕ್ ಹೊಡೆಯಿತು ಎಂದುಕೊಂಡು ಮೇನ್ ಸ್ವಿಚ್ಚಿಗೆ ಕೈ ಹಾಕಿದ್ದ.

ಸಾವಿರ ದನಿ ಇಟ್ಟುಕೊಂಡವನಿಗೆ ಶ್ರುತಿ ಒಂದು ಇಲ್ಲ ಎಂದರೆ ನಂಬುವುದು ಹೇಗೆ? ಇಂಥ ಯಂತ್ರಗಳು ತಾವಾಗಿ ಏರುವುದಿಲ್ಲ ಅಕ್ಕಾ. ಒಳಗಿನ ಲೆಕ್ಕ ಗಡಿಯಾರದ ಲೆಕ್ಕದ ಹಾಗೆ. ಅಂಗಡಿಯಲ್ಲಿ ಯಾರೋ ಗುಂಡಿ ಒತ್ತಿ ಏರಿಸಿ, ಇಳಿಸದೆ ಬಿಟ್ಟಿರಬೇಕು. ಭಾವನಿಗೆ ಅದರ ಜೊತೆ ಬಂದ ಪುಸ್ತಕ ಓದಲು ಹೇಳು. ನಿವೃತ್ತರಾದ ಮೇಲೆ ಹಳೆಯ ರೈಲ್ವೆ ವೇಳಾಪಟ್ಟಿಯನ್ನೂ ಬಿಡದೆ ಓದಿದವರು ಅವರು, ಇದೇನು ಮಹಾ. ಅದರಿಂದಲೂ ಆಗದಿದ್ದರೆ ಅಂಗಡಿಯ ಮೆಕ್ಯಾನಿಕ್‌ನನ್ನು ಕರೆಸು. ಹೊಸ ವಸ್ತು, ಅವರೇ ಬಂದು ಸರಿ ಮಾಡಿಕೊಡಬೇಕು. ಜಗಳ ಮಾತ್ರ ಆಡಬೇಡ. ಆಡುತ್ತೀಯ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ಇಲ್ಲಿ ಜನರೇಟರ್ ಹಗಲಿಡೀ ಒಂದೇ ಸಮನೆ ಗುಂಯ್‌ಗುಡುತ್ತದೆ. ಯಾವ ಸ್ವರ ಎಂದು ಹೇಳಲು ನೀನೇ ಬರಬೇಕು. ನಮಗೆ ಗೊತ್ತಿರುವುದು ಎರಡೇ: ಓಡುತ್ತಿದೆ, ಓಡುತ್ತಿಲ್ಲ.

ನಿನ್ನ ಕತ್ತೆಕಿವಿ
ತಮ್ಮ


ಫೆಬ್ರವರಿ 26

ತಮ್ಮಾ,

ನಿನ್ನ ಪತ್ರ ಬಂದ ವಾರವೇ ಮೆಕ್ಯಾನಿಕ್ ಬಂದ. ಅವನಿಗೆ ಚೆನ್ನಾಗಿ ಮಂಗಳಾರತಿ ಎತ್ತಬೇಕೆಂದು ಮಾತು ಜೋಡಿಸಿಕೊಂಡು ಕೂತಿದ್ದೆ. ಅವನು ಶ್ರುತಿ ಅಳೆಯುವ, ಬೆಂಕಿಪೊಟ್ಟಣದಷ್ಟಿರುವ ಮೀಟರ್ ಮುಂದಿಟ್ಟುಕೊಂಡು ಒಂದೊಂದೇ ಕೀ ಒತ್ತಿದ. ಮುಳ್ಳು ಪ್ರತಿ ಸಲವೂ ಸರಿಯಾಗಿ ನಡುವಿಗೆ ಬಂದು ನಿಂತಿತು.

"ನೋಡಿ ಮೇಡಂ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

"ನಿಮ್ಮ ಮೀಟರೇ ಸರಿ ಇಲ್ಲ," ಎಂದೆ.

ಅವನು ಚೀಲದಿಂದ ಇನ್ನೊಂದು ಮೀಟರ್ ತೆಗೆದ. ಅದೂ ಅದನ್ನೇ ಹೇಳಿತು. ಮೂರನೆಯದು ಇದ್ದಿದ್ದರೆ ಅದರ ಮೇಲೂ ಹರಿಹಾಯುತ್ತಿದ್ದೆ. ಅವನು ಹೋದ ಮೇಲೆ ನಿನ್ನ ಭಾವ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಡಿಪೋದಲ್ಲಿ ಆದದ್ದು ಕೇಳು. ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಮೊದಲು ಯಂತ್ರ ಮುಟ್ಟದೆ ಬಾಯಿಂದ ಸ್ವರ ಕೊಡುತ್ತೇನೆ, ಅವರು ಹಿಡಿಯುತ್ತಾರೆ, ಆಮೇಲೆ ನಾನು ನುಡಿಸುತ್ತಾ ಸೇರುತ್ತೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ, ಆ ಡಿಪೋದಲ್ಲಿ ನನಗಿರುವ ಮರ್ಯಾದೆಯೇ ಅದು. ಮೊನ್ನೆಯೂ ಸ್ವರ ಕೊಟ್ಟೆ, ಹಿಡಿದರು, ಕೀ ಒತ್ತಿದೆ. ಎದುರುಬದುರು ಬಂದ ಎರಡು ಬಸ್ಸು ಗುದ್ದಿಕೊಂಡ ಹಾಗಾಯಿತು. ಎಲ್ಲರೂ ಬಾಯಿ ಮುಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಯಂತ್ರದ ಶ್ರುತಿಗೇ ಹಾಡಿ ಎಂದೆ. ಟೈರ್ ವಿಭಾಗದ ದಪ್ಪ ದನಿಯ ಹೆಂಗಸು ಅಭ್ಯಾಸ ಮುಗಿಯುವ ಹೊತ್ತಿಗೆ ಗಂಟಲು ಹಿಡಿದುಕೊಂಡು ಕೂತಿದ್ದಳು. ಯಂತ್ರ ಇನ್ನೂ ಹೊಸದು, ಪಳಗಬೇಕು ಎಂದು ಹೇಳಿ ಬಂದೆ.

ಮರುದಿನ ಟೈಲರ್ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ನಿಂತು ಬಹಳ ಹೊತ್ತು ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. "ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಕೊಟ್ಟಿದ್ದು ಚೆನ್ನಾಗೇ ಇದೆ. ಆದ್ರೆ ರೇಡಿಯೋ ಜೊತೆ ನುಡಿಸೋಕೆ ಹೋದ್ರೆ ಕೂಡೋದೇ ಇಲ್ಲ. ರೇಡಿಯೋ ಮೇಲಿರತ್ತೆ, ಇದು ಕೆಳಗಿರತ್ತೆ. ಎಲ್ಲಾ ಸ್ಟೇಷನ್ನೂ ಹಾಗೇ."

ಎಲ್ಲಾ ಸ್ಟೇಷನ್ನೂ ಎಂದ, ತಮ್ಮಾ. ನಾನು ರೇಡಿಯೋ ಕೇಳುವುದು ಬಿಟ್ಟು ಎಷ್ಟು ಕಾಲವಾಯಿತು. ಈಗಿನವರು ಹಾಡನ್ನೆಲ್ಲ ಬೇಗ ಓಡಿಸುತ್ತಾರೆ, ಅದಕ್ಕೇ ಸ್ವರ ಏರಿರುತ್ತದೆ ಎಂದು ಬೈದು ಬಿಟ್ಟವಳು. ಅವನನ್ನು ಕಳಿಸಿ, ಟ್ಯೂನಿಂಗ್ ಫೋರ್ಕ್ ಹುಡುಕಿ ತೆಗೆದು ಮೇಜಿಗೆ ಬಡಿದು ಕಿವಿಗೆ ಹಿಡಿದೆ. ಅದು ಒಂದೇ ಸ್ವರ ಕೊಡುವ ಉಕ್ಕಿನ ಕವಲು, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದೂ ಅರ್ಧ ಮನೆ ಮೇಲೆ ಕೇಳಿತು.

ಯಂತ್ರ ಸರಿಯಾಗಿದೆ. ತಪ್ಪಿರುವುದು ನಾನು.

ಅಮ್ಮನಿಗೂ ಇದೇ ಕಿವಿ ಇತ್ತು. ಚಮಚ ಬಿದ್ದರೆ ಯಾವ ಸ್ವರ ಎಂದು ಹೇಳುತ್ತಿದ್ದಳು. ಕೊನೆಗೆ ಗೋಡೆಯೊಳಗಿಂದ ಹಾಡು ಬರುತ್ತಿದೆ ಎನ್ನಲು ಶುರು ಮಾಡಿದಳು, ಆಮೇಲೆ ನಮ್ಮಿಬ್ಬರ ಗುರುತೂ ಹೋಯಿತು. ಅವಳಿಗೂ ಶುರುವಾದದ್ದು ಕಿವಿಯಿಂದಲೇ ಅಲ್ಲವೇ? ನನಗೆ ಬಹಳ ಭಯವಾಗಿದೆ. ನಿನ್ನ ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ. ಒಂದೇ ಒಂದು ಮಾತು ನೆನಪು ಮಾಡಿಕೊಂಡು ಬರೆ. ಹಳೆಯದರ ತಿರುಪನ್ನು ನೀನು ಪ್ರತಿ ಸಲ ಯಾವ ಕಡೆಗೆ ತಿರುಗಿಸುತ್ತಿದ್ದೆ?

ಅಕ್ಕ


ಮಾರ್ಚ್ 23

ಅಕ್ಕಾ,

ಕೆಳಕ್ಕೆ. ಪ್ರತಿ ಸಲವೂ ಕೆಳಕ್ಕೆ.

'ಸ್ವಲ್ಪ ಏರಿದೆ ಕಣೋ' ಎಂದು ನೀನು ಹೇಳುತ್ತಿದ್ದೆ, ನಾನು ಸ್ಕ್ರೂಡ್ರೈವರ್ ಹಿಡಿದು ತಿರುಗಿಸುತ್ತಿದ್ದೆ, 'ಸಾಕು' ಎಂದಾಗ ನಿಲ್ಲಿಸುತ್ತಿದ್ದೆ. 'ಇಳಿದಿದೆ, ಏರಿಸು' ಎಂದು ನೀನು ಹೇಳಿದ್ದು ನೆನಪಿಲ್ಲ. ಯಂತ್ರ ಕೆಟ್ಟರೆ ಅತ್ತಲೂ ಇತ್ತಲೂ ಕೆಡುತ್ತದೆ, ಹೀಗೆ ಶಿಸ್ತಾಗಿ ಒಂದೇ ಕಡೆಗೆ ಹೋಗುವುದಿಲ್ಲ. ಇಷ್ಟು ವರ್ಷ ವಿದ್ಯುತ್ ಕೆಲಸ ಮಾಡಿದವನಿಗೆ ಇದು ಹೊಳೆಯಲಿಲ್ಲ ನೋಡು. ಆದರೆ ನಮ್ಮ ಮನೆಯಲ್ಲಿ ಮೀಟರ್ ಎಂದರೆ ನಿನ್ನ ಕಿವಿಯೇ. ಮೀಟರನ್ನು ಅಳೆಯಬೇಕೆಂದು ಯಾರಿಗೆ ತೋಚುತ್ತದೆ?

ಭಯವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಪತ್ರ ಓದಿದಾಗಿನಿಂದ ಕೆಲಸದಲ್ಲಿ ನನ್ನ ಮನಸ್ಸು ನಿಲ್ಲುತ್ತಿಲ್ಲ. ಆದರೂ ಒಂದು ವಿಷಯ ಯೋಚಿಸಿ ನೋಡು. ಅಮ್ಮನಿಗೆ ಇಲ್ಲದ್ದು ಕೇಳುತ್ತಿತ್ತು. ನಿನಗೆ ಇರುವುದೇ ಕೇಳುತ್ತಿದೆ, ಸ್ವಲ್ಪ ಪಕ್ಕಕ್ಕೆ ಸರಿದು. ಎರಡೂ ಒಂದೇ ಅಲ್ಲ ಎಂದು ನನ್ನ ತಲೆಗೆ ತೋರುತ್ತದೆ. ಆದರೆ ನನ್ನ ತಲೆ ಡಾಕ್ಟರರದ್ದಲ್ಲ. ಆದ್ದರಿಂದ ಡಾಕ್ಟರ ಹತ್ತಿರ ಹೋಗು. ನಾಳೆ ನಾಡಿದ್ದು ಎನ್ನಬೇಡ.

ಭಾವನಿಗೂ ಹೇಳು. ಅವರಿಗೆ ಗೊತ್ತಾಗದ ಹಾಗೆ ನೀನು ಆ ಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆದವಳಲ್ಲ.

ನಿನ್ನ
ತಮ್ಮ


ಏಪ್ರಿಲ್ 20

ಅಕ್ಕಾ,

ಎರಡು ಬಂದರು ದಾಟಿದೆವು. ಕಂಪನಿಯ ಚೀಲದಲ್ಲಿ ಎಲ್ಲರಿಗೂ ಪತ್ರ ಬಂದಿದೆ. ಅಡುಗೆಯವನಿಗೆ ಅವನ ಸೋದರಮಾವನಿಂದಲೂ ಬಂದಿದೆ, ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಯಿತಂತೆ. ನನಗೆ ಮಾತ್ರ ಇಲ್ಲ.

ಫೋನ್ ಮಾಡಿದರೆ ಭಾವ ಎತ್ತಿ, "ಚೆನ್ನಾಗಿದ್ದಾಳೆ, ಹೊರಗೆ ಹೋಗಿದ್ದಾಳೆ" ಎಂದರು. ಹಿಂದೆ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಸ್ವರ ಗೊತ್ತಾಗದಿದ್ದರೂ ಕೆಮ್ಮು ಗೊತ್ತಾಗುತ್ತದೆ.

ಏನಾದರೂ ಆಗಲಿ, ಎರಡು ಸಾಲು ಬರೆ.

ತಮ್ಮ


ಮೇ 3

ತಮ್ಮಾ,

ಏನೂ ಇಲ್ಲ. ಮೊದಲು ಇದನ್ನು ಓದಿ ಉಸಿರು ಬಿಡು, ಉಳಿದದ್ದು ಆಮೇಲೆ. ಏನೂ ಇಲ್ಲ ಕಣೋ. ಅಮ್ಮನಿಗೆ ಆದದ್ದು ನನಗೆ ಆಗಿಲ್ಲ.

ಇಷ್ಟು ದಿನ ಬರೆಯಲಿಲ್ಲ, ನಿಜ. ಬರೆದರೆ ಭಯವನ್ನೇ ಬರೆಯಬೇಕಿತ್ತು. ನೀನು ನಡುನೀರಿನಲ್ಲಿ ಅದನ್ನಿಟ್ಟುಕೊಂಡು ಏನು ಮಾಡುತ್ತೀಯ? ನೀನು ಹೇಳಿದಂತೆ ನಿನ್ನ ಭಾವನ ಹತ್ತಿರ ಹೇಗೆ ಮಾತೆತ್ತುವುದೆಂದು ಒಂದು ವಾರ ಒದ್ದಾಡಿದೆ. ಒಂದು ಬೆಳಿಗ್ಗೆ ಅವರೇ ಪುಸ್ತಕದಿಂದ ತಲೆ ಎತ್ತದೆ, "ಕಿವಿ ಡಾಕ್ಟರ ಹತ್ತಿರ ಬುಧವಾರ ಹೋಗೋಣವೋ, ಗುರುವಾರವೋ?" ಎಂದರು. ರೇಡಿಯೋ ವಿಷಯವನ್ನು ಟೈಲರ್ ಮೊದಲು ಅವರಿಗೆ ಹೇಳಿದ್ದನಂತೆ. ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ನನಗೆ ತಿಳಿಯದ ಹಾಗೆ ನನ್ನ ವಿಷಯ ತಿಳಿದುಕೊಂಡದ್ದಕ್ಕೆ ಜಗಳವಾಡಿ, ಗುರುವಾರ ಹೋದೆ.

ಡಾಕ್ಟರ್ ಹೆಂಗಸು, ನಿನ್ನ ವಯಸ್ಸಿನವಳು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಪೀಂ ಪೀಂ ಎಂದು ಕೇಳಿಸಿದಳು. ಕಿವಿ ಚೆನ್ನಾಗಿದೆ, ವಯಸ್ಸಿಗೆ ತಕ್ಕಷ್ಟು ಸವೆದಿದೆ, ಅಷ್ಟೇ ಎಂದಳು. ನಾನು ಇದ್ದದ್ದನ್ನೆಲ್ಲ ಹೇಳಿದೆ, ಅಮ್ಮನ ವಿಷಯವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, "ಸ್ವರ ಕೇಳಿಸಿದ್ರೆ ಹೆಸರು ಹೇಳ್ತೀರಾ?" ಎಂದಳು. ಅದೂ ಒಂದು ಪ್ರಶ್ನೆಯೇ? ಅವಳು ಕೇಳಿಸುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಮುಗಿದ ಮೇಲೆ ಕಾಗದ ನೋಡಿ, "ಒಂದೂ ಸರಿ ಇಲ್ಲ," ಎಂದಳು.

ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ಆದ್ರೆ ನೋಡಿ, ಎಲ್ಲವೂ ಒಂದೇ ಅಳತೆಗೆ ತಪ್ಪು. ಪ್ರತಿ ಸಲ ಅರ್ಧ ಮನೆ, ಮೇಲಕ್ಕೇ. ಗೊಂದಲಕ್ಕೆ ಬಿದ್ದ ತಲೆ ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲ್ಲ ಅಮ್ಮಾ."

ಹುಟ್ಟಿನಿಂದ ಸ್ವರದ ಹೆಸರು ಹಿಡಿಯುವ ಕಿವಿ ಇರುವವರಲ್ಲಿ ವಯಸ್ಸಾದಂತೆ ಹೀಗಾಗುವುದುಂಟಂತೆ. ಕೇಳುವುದೆಲ್ಲ ನಿಧಾನವಾಗಿ ಏರುತ್ತಾ ಹೋಗುತ್ತದೆ. ಯಾಕೆ ಎಂದು ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದಳು. ಉಳಿದವರಿಗೂ ಆಗುತ್ತಿರಬಹುದು, ಆದರೆ ಅವರಿಗೆ ಹೆಸರೇ ಗೊತ್ತಿಲ್ಲದ ಮೇಲೆ ಏರಿದ್ದು ಹೇಗೆ ತಿಳಿಯಬೇಕು? ಅಂದರೆ ನಿನ್ನ ಕಿವಿಯೂ ಏರಿರಬಹುದು ಮಹರಾಯ, ಕೇಳುವವರು ಯಾರು.

ಅಷ್ಟಕ್ಕೆ ಬಿಡದೆ ನರದ ಡಾಕ್ಟರ ಹತ್ತಿರವೂ ಕಳಿಸಿದಳು. ಅಲ್ಲಿ ತಲೆಯ ಚಿತ್ರ ತೆಗೆದರು. ಗಡಿಯಾರ ಬರೆಸಿದರು, ನೂರರಿಂದ ಏಳೇಳು ಕಳೆಯುತ್ತಾ ಹಿಂದಕ್ಕೆ ಬರಲು ಹೇಳಿದರು. ನಾನು ಸರಾಗವಾಗಿ ಇಳಿದು ಬಂದೆ. ಪಕ್ಕದಲ್ಲಿ ಕೂತ ನಿನ್ನ ಭಾವ ತಾವೂ ಮನಸ್ಸಿನಲ್ಲೇ ಕಳೆಯುತ್ತಾ ಬಂದು ಎರಡು ಕಡೆ ಎಡವಿದರಂತೆ. ಈಗ ಅವರಿಗೆ ಅವರದೇ ಚಿಂತೆ ಹತ್ತಿದೆ. ಚಿತ್ರ ಬರಲು ದಿನ ಹಿಡಿಯಿತು. ಆ ದಿನಗಳ ಬಗ್ಗೆ ಬರೆಯುವುದಿಲ್ಲ. ನಿನ್ನೆ ಬಂತು. ಅಮ್ಮನ ಕಾಯಿಲೆಯ ಸುಳಿವೂ ಇಲ್ಲ ಎಂದರು.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ. ಸಂತೋಷಕ್ಕೆ ಹೀಗೆ ಅಳುವುದನ್ನು ಬೇರೆಯವರಲ್ಲಿ ನೋಡಿದಾಗ ನಾಟಕ ಎಂದುಕೊಳ್ಳುತ್ತಿದ್ದೆ. ನಿನ್ನ ಭಾವ ಕಾಗದದ ಲೋಟದಲ್ಲಿ ಟೀ ತಂದು ಕೈಗಿಟ್ಟು, ಪಕ್ಕದಲ್ಲಿ ಕೂತು, ಹಾದುಹೋಗುವವರಿಗೆಲ್ಲ "ಏನಿಲ್ಲ, ಏನಿಲ್ಲ, ಒಳ್ಳೇ ಸುದ್ದಿ" ಎಂದು ಹೇಳುತ್ತಿದ್ದರು.

ಮನೆಗೆ ಬಂದವರೇ ಆ ದಪ್ಪ ಪುಸ್ತಕ ತೆರೆದು, "ಇಲ್ಲಿದೆ ನೋಡೇ, ಇಡೀ ವಿಮಾನವನ್ನೇ ಅರ್ಧ ಮನೆ ಇಳಿಸಬಹುದು" ಎಂದರು. ಎರಡು ಗುಂಡಿ, ಅಷ್ಟೇ. ಇಳಿಸಿ, ಕೀ ಒತ್ತಿದೆ. ಎಲ್ಲಿರಬೇಕೋ ಅಲ್ಲಿತ್ತು ಸ್ವರ. ಜನವರಿಯಿಂದ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವಳು ನಮ್ಮ ಮನೆಗೇ ವಾಪಸು ಬಂದ ಹಾಗಾಯಿತು. ಊಟದ ಹೊತ್ತು ಮೀರುವವರೆಗೂ ನುಡಿಸಿದೆ. ಅದರ ಪಿಯಾನೋ ಎಷ್ಟು ಚೆಂದವಿದೆ ಎಂದು ನಿನ್ನೆಯೇ ಕೇಳಿಸಿಕೊಂಡದ್ದು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ. ಹಳೆಯದಕ್ಕೆ ಎರಡೂ ಒಂದೇ ಆಗಿತ್ತು. ಇಷ್ಟು ತಿಂಗಳು ಪಾಪದ ಯಂತ್ರವನ್ನು ಸುಮ್ಮನೆ ಬೈದೆ.

ಆದರೆ ಡಿಪೋದ ತಂಡ ಬಿಡುತ್ತೇನೆ. ಇದು ಭಯದಿಂದ ಹೇಳುತ್ತಿರುವುದಲ್ಲ. ಸರಿಯಾದ ಶ್ರುತಿಯಲ್ಲಿ ನುಡಿಸಹೊರಟರೆ ಕೈ ಒಂದು ಹೇಳುತ್ತದೆ, ಕಿವಿ ಇನ್ನೊಂದು, ನಡುವೆ ಸಿಕ್ಕಿ ಎರಡನೆಯ ಸಾಲಿಗೇ ದಾರಿ ತಪ್ಪುತ್ತೇನೆ. ನನ್ನ ಕಿವಿ ಸರಿಯಿತೆಂದು ಇಡೀ ಡಿಪೋವನ್ನು ಸರಿಸಲಾಗುತ್ತದೆಯೇ? ಸ್ವರ ಕೊಡುವವಳು ಅನುಮಾನದಲ್ಲಿ ಕೊಡಬಾರದು. ಅವರು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ನಾನು ಮನೆಯಲ್ಲಿ ನನ್ನ ಪಾಡಿಗೆ ನುಡಿಸಿಕೊಂಡಿರುತ್ತೇನೆ. ಇಷ್ಟು ಸಿಕ್ಕಿದ್ದೇ ದೊಡ್ಡದು.

ನಿನ್ನ
ಅಕ್ಕ


ಜೂನ್ 1

ಅಕ್ಕಾ,

'ಏನೂ ಇಲ್ಲ' ಎಂಬಲ್ಲಿಗೇ ಓದುವುದು ನಿಲ್ಲಿಸಿ ಡೆಕ್ ಮೇಲೆ ಹೋಗಿ ನಿಂತೆ. ಮುಂದಿನದನ್ನು ಓದಿದ್ದು ಬಹಳ ಹೊತ್ತಿನ ಮೇಲೆ. ಅಡುಗೆಯವನು ಬಂದು, "ಏನಾಯ್ತಣ್ಣ?" ಎಂದ. "ಅಕ್ಕನ ತಲೆ ಸರಿ ಇದೆಯಂತೆ" ಎಂದೆ. "ನಿನ್ನದು?" ಎಂದ. ಆ ದಿನ ಅವನು ಏನು ಹೇಳಿದ್ದರೂ ಕೋಪ ಬರುತ್ತಿರಲಿಲ್ಲ.

ಈಗ ಹೇಳಬಹುದು. ನಿನ್ನ ಫೆಬ್ರವರಿಯ ಪತ್ರ ಬಂದಾಗಿನಿಂದ ನನ್ನ ಬಗ್ಗೆಯೂ ಹೆದರಿದ್ದೆ. ನನ್ನ ಕಿವಿ ಅಮ್ಮನದಲ್ಲ, ಆದರೆ ಮೂಗು ಅಮ್ಮನದೇ. ಬೀಗದ ಕೈ ಎಲ್ಲಿಟ್ಟೆ ಎಂಬುದು ಮರೆತಾಗಲೆಲ್ಲ, ಉಳಿದದ್ದು ಏನೇನು ಬಂದಿದೆಯೋ ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಈಗ ಮರೆತರೆ ಬರೀ ಬೀಗದ ಕೈ ಹುಡುಕುತ್ತೇನೆ. ಎಷ್ಟು ಹಗುರಾಗಿದೆ ಗೊತ್ತಾ?

ತಂಡ ಬಿಡುವ ವಿಷಯದಲ್ಲಿ ನಾನು ಹೇಳುವುದು ಇಷ್ಟೇ. ಬಿಡುವುದಾದರೆ ಬಿಡು. ಆದರೆ ಯಂತ್ರ ಸರಿ ಇಲ್ಲ, ಬೆನ್ನುನೋವು ಎಂದು ನೆಪ ಹೇಳಿ ಬಿಡಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವರು ಏನೆನ್ನುತ್ತಾರೆ ಎಂದು ಕೇಳಿ, ಆಮೇಲೆ ಬಿಡು. ನೀನು ಒಬ್ಬಳೇ ಮೀಟಿಂಗ್ ಮಾಡಿ ಒಬ್ಬಳೇ ಕೈಯೆತ್ತಿ ತೀರ್ಮಾನ ಮಾಡುವವಳು. ಸ್ಕೂಲಿನಲ್ಲಿ ನನಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂದು ತೀರ್ಮಾನಿಸಿದ್ದೂ ನೀನೇ.

ಮುಂದಿನ ತಿಂಗಳು ರಜೆ ಸಿಗುವ ಹಾಗಿದೆ. ಸ್ಕ್ರೂಡ್ರೈವರ್ ತರುವುದಿಲ್ಲ.

ನಿನ್ನ
ತಮ್ಮ


ಜುಲೈ 6

ತಮ್ಮಾ,

ನಿನ್ನ ಮಾತು ಕೇಳಿದೆ. ಈ ವಾಕ್ಯವನ್ನು ಕತ್ತರಿಸಿ ಇಟ್ಟುಕೋ, ಮತ್ತೆ ಸಿಗುವುದಿಲ್ಲ.

ಶನಿವಾರ ಡಿಪೋದ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಹೊರಗೆ ಬಸ್ಸು ತೊಳೆಯುವ ಪೈಪಿನ ಸದ್ದು, ಒಳಗೆ ಮೇಜು ಪಕ್ಕಕ್ಕೆ ತಳ್ಳುವ ಸದ್ದು. ಲಾರಿಯವರು ಯಂತ್ರ ಇಳಿಸಿಕೊಟ್ಟರು. ಅದು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಹಳೆಯದು ಇಳಿದದ್ದು, ಅದರ ಜೊತೆ ಅವರೂ ಇಳಿದದ್ದು, ಕಿವಿ, ಡಾಕ್ಟರ್, ಇದೇ ನನ್ನ ಕೊನೆಯ ಅಭ್ಯಾಸ ಎಂಬುದು. ಹೇಳಿ ಕೂತೆ.

ಮೊದಲು ಬಾಯಿ ಬಿಟ್ಟವಳು ಟೈರ್ ವಿಭಾಗದವಳು. "ಅಯ್ಯೋ! ಅದಕ್ಕೇನಾ ನನಗೆ ಮೇಲಿನ ಸ್ವರ ಎಲ್ಲ ಸಿಗ್ತಿದ್ದದ್ದು? ನಾನು ನನ್ನ ಗಂಟಲೇ ಚೆನ್ನಾಗಾಗಿದೆ ಅಂದ್ಕೊಂಡು ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ!"

ಎಲ್ಲರೂ ಹೋ ಎಂದು ನಕ್ಕರು. ಒಬ್ಬ ಡ್ರೈವರ್ ಮಾತ್ರ ಗಂಭೀರವಾಗಿ, "ಅಂದ್ರೆ ಇಷ್ಟು ವರ್ಷ ನಾವು ತಪ್ಪು ಹಾಡಿದ್ವಾ?" ಎಂದ.

"ತಪ್ಪಲ್ಲಪ್ಪ, ಎಲ್ಲರೂ ಒಟ್ಟಿಗೇ ಇದ್ರಿ. ಅರ್ಧ ಮನೆ ಕೆಳಗೆ ಇದ್ರಿ, ಅಷ್ಟೇ," ಎಂದೆ.

ತಂಡದಲ್ಲಿ ಹಿರಿಯರೊಬ್ಬರಿದ್ದಾರೆ, ಕಂಡಕ್ಟರ್. ಅವರ ಶಿಳ್ಳೆ ಮೂರು ಬೀದಿಗೆ ಕೇಳುತ್ತದೆ, ಅದಕ್ಕೇ ಎಲ್ಲರೂ 'ಸೀಟಿ' ಎನ್ನುತ್ತಾರೆ. ಅವರು ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನಿದ್ದರು. "ಅಕ್ಕ, ಎರಡು ಥರಾನೂ ನುಡಿಸಿ, ಹಾಡಿ ನೋಡೋಣ" ಎಂದರು. ಮೊದಲು ಮೀಟರು ಹೇಳಿದ ಶ್ರುತಿಯಲ್ಲಿ ಹಾಡಿದೆವು. ನಾನು ಎರಡನೆಯ ಸಾಲಿಗೇ ಎಡವಿದೆ, ಅವರು ನಾಲ್ಕನೆಯ ಸಾಲಿಗೆ ಕಿರುಚಿದರು. ಆಮೇಲೆ ಅರ್ಧ ಮನೆ ಇಳಿಸಿ ಹಾಡಿದೆವು. ಅದನ್ನು ಏನೆಂದು ಬರೆಯಲಿ? ಅವರ ಭುಜಗಳೆಲ್ಲ ಕೆಳಗಿಳಿದವು. ಹಾಡು ಮುಗಿದ ಮೇಲೂ ಯಾರೂ ಕೆಮ್ಮಲಿಲ್ಲ.

"ಇದೇ ಇರಲಿ," ಎಂದರು ಸೀಟಿ.

"ಇದು ನನ್ನ ಕಿವಿಗಾಗಿ ಆಗತ್ತೆ. ನೀವೆಲ್ಲ ಯಾಕೆ..."

"ಅಕ್ಕ, ಇಷ್ಟು ವರ್ಷ ನಾವು ಹಾಡಿದ್ದೆಲ್ಲ ನಿಮ್ಮ ಕಿವಿಯಲ್ಲೇ. ಈಗ ಯಾರ ಕಿವಿಗೆ ಹೋಗೋದು?"

ಆದರೂ ಸತ್ಯ ಪೂರ್ತಿ ಹೇಳಬೇಕಲ್ಲ. ಡಾಕ್ಟರ್ ಹೇಳಿದ್ದನ್ನು ಹೇಳಿದೆ: "ಇದು ಇಲ್ಲಿಗೇ ನಿಲ್ಲತ್ತೆ ಅಂತ ಏನಿಲ್ಲ. ಇನ್ನು ಕೆಲವು ವರ್ಷಕ್ಕೆ ಮತ್ತೆ ಅರ್ಧ ಮನೆ ಸರಿಬಹುದು. ಆಗ ಮತ್ತೆ ಇಳೀಬೇಕಾಗತ್ತೆ."

ಸೀಟಿ ಕೋಟಿನ ಜೇಬಿಗೆ ಕೈ ಹಾಕಿಕೊಂಡು, ಬಸ್ಸಿನ ಬಾಗಿಲಲ್ಲಿ ನಿಂತು ಮಾತಾಡುವ ದನಿಯಲ್ಲಿ, "ಇಳಿಯೋದು ಎಲ್ಲಿ ಅಂತ ನೀವು ಹೇಳಿ ಅಕ್ಕ, ಎಲ್ಲಾರೂ ಅಲ್ಲೇ ಇಳೀತೀವಿ. ನಮಗೇನು, ಕೊನೇ ಸ್ಟಾಪ್‌ವರೆಗೂ ಟಿಕೆಟ್ ಇದೆ" ಎಂದರು.

ನಾನು ಅಳಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಕಣ್ಣೊರೆಸಿಕೊಂಡು ಯಂತ್ರದ ಕಡೆ ತಿರುಗಿದೆ. ಅರ್ಧ ಮನೆ ಇಳಿಸಿದ್ದಕ್ಕೆ ಪರದೆಯ ಮೇಲೆ 'ಮೈನಸ್ ಒಂದು' ಎಂದಿತ್ತು. ಕೋಣೆಯನ್ನೊಮ್ಮೆ ಸುತ್ತ ನೋಡಿದೆ. ನನ್ನನ್ನೂ ಸೇರಿಸಿ, ಯಾರೂ ಕಡಿಮೆಯಿರಲಿಲ್ಲ.

ನಿನ್ನ
ಅಕ್ಕ